ವಿಜ್ಞಾನ ಮೇಳಕ್ಕೆ ತೀರ್ಪುಗಾರರಾಗಿ ಹೊರಟಿದ್ದೀರಾ?

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರವಾದಂತೆ ಶಾಲೆಗಳಿಂದ ಕರೆ ಬರತೊಡಗುತ್ತದೆ: ‘ಅರ್ಧ ದಿನ ಬಿಡುವು ಮಾಡಿಕೊಂಡು ಬನ್ನಿ, ಮಕ್ಕಳ ಮಾದರಿಗಳಿಗೆ ಅಂಕ ಹಾಕಿಕೊಡಿ.’ ಎಂಜಿನಿಯರ್, ವೈದ್ಯರು, ಪಿಯು ಉಪನ್ಯಾಸಕರು ಸಂತೋಷದಿಂದಲೇ ಒಪ್ಪುತ್ತಾರೆ. ಆದರೆ ಒಳ್ಳೆಯ ಮನಸ್ಸಿನವರೇ ಕೆಟ್ಟ ತೀರ್ಪು ಕೊಟ್ಟು ಹೋಗುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ. ಒಂದು ಶಾಲೆಯಲ್ಲಿ ನನ್ನ ಜೊತೆಗಿದ್ದವರು ಅರವತ್ತು ಮಾದರಿಗಳನ್ನು ಒಂದು ಗಂಟೆಯೊಳಗೆ ಮುಗಿಸಿ, ಬಣ್ಣದ ದೀಪಗಳು ಮಿನುಗುತ್ತಿದ್ದ ಥರ್ಮಾಕೋಲ್ ಅಣೆಕಟ್ಟೆಗೆ ಮೊದಲ ಬಹುಮಾನ ಬರೆದರು. ಪಕ್ಕದ ಮೇಜಿನಲ್ಲಿ ಎರಡು ಮಣ್ಣಿನ ಮಡಕೆ, ಒಂದು ಉಷ್ಣಮಾಪಕ, ಒಂದು ನೋಟ್‌ಬುಕ್ ಇಟ್ಟುಕೊಂಡು ನಿಂತಿದ್ದ ಏಳನೇ ತರಗತಿಯ ಹುಡುಗಿಯ ಮುಂದೆ ಅವರು ಅರ್ಧ ನಿಮಿಷವೂ ನಿಲ್ಲಲಿಲ್ಲ.

ಹಿಂದಿನ ದಿನವೇ ಅಂಕಪಟ್ಟಿಯನ್ನು ತರಿಸಿಕೊಂಡು ಓದಿ. ‘ಅಂದ’, ‘ಅಚ್ಚುಕಟ್ಟು’, ‘ಮಾತುಗಾರಿಕೆ’ ಎಂದು ಮೂರು ಕಡೆ ಅಂಕ ಹಂಚಿದ್ದರೆ ಬದಲಿಸಲು ಕೇಳಿ. ಐವತ್ತರಲ್ಲಿ ಪ್ರಶ್ನೆಗೆ 10, ವಿಧಾನಕ್ಕೆ 15, ದಾಖಲೆಗೆ 10, ತಿಳಿವಳಿಕೆಗೆ 10, ಪ್ರದರ್ಶನಕ್ಕೆ 5 – ಇದು ನನ್ನ ಲೆಕ್ಕ. ಪ್ರದರ್ಶನಕ್ಕೆ ಐದಕ್ಕಿಂತ ಹೆಚ್ಚು ಕೊಟ್ಟರೆ ಬಹುಮಾನ ಅಪ್ಪ ಅಮ್ಮನ ಜೇಬಿಗೆ ಹೋಗುತ್ತದೆ.

ಮೇಳಕ್ಕೆ ಹೋದ ಮೇಲೆ ಮೊದಲ ಸುತ್ತು ಅಂಕವಿಲ್ಲದೆ ಸುಮ್ಮನೆ ನಡೆಯಿರಿ. ಅಂಕ ಹಾಕುವಾಗ ಪೆನ್ಸಿಲ್ ಬಳಸಿ; ಮೊದಲ ನಾಲ್ಕು ಮಾದರಿಗಳಿಗೆ ಹಾಕಿದ ಅಂಕವನ್ನು ಕೊನೆಯಲ್ಲಿ ತಿದ್ದಬೇಕಾಗಿ ಬಂದೇ ಬರುತ್ತದೆ.

ಇನ್ನು ಮಗುವಿನೊಡನೆ ಮಾತು. ಎಲ್ಲರೂ ಎಡವುವುದು ಇಲ್ಲಿಯೇ. ‘ನಿನ್ನ ಮಾದರಿಯ ಬಗ್ಗೆ ಹೇಳು ಪುಟ್ಟಾ’ ಎಂದು ದಯವಿಟ್ಟು ಶುರು ಮಾಡಬೇಡಿ. ಹಾಗೆಂದ ತಕ್ಷಣ ಎರಡು ವಾರ ಉರು ಹೊಡೆದ ಭಾಷಣ ಹೊರಬರುತ್ತದೆ; ನಡುವೆ ತಡೆದರೆ ಮಗು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಮೇಜಿನ ಎತ್ತರಕ್ಕೆ ಬಗ್ಗಿ, ಕಣ್ಣಿಗೆ ಬಿದ್ದ ಒಂದು ವಸ್ತುವನ್ನು ತೋರಿಸಿ ಕೇಳಿ: ‘ಈ ಕೊಳವೆಯನ್ನು ಇಲ್ಲೇ ಏಕೆ ಇಟ್ಟೆ?’ ಆಮೇಲೆ, ‘ಮೊದಲ ಸಲ ಮಾಡಿದಾಗ ಏನು ಕೆಟ್ಟಿತು?’ ಸ್ವತಃ ಮಾಡಿದ ಮಗುವಿನ ಮುಖ ಈ ಪ್ರಶ್ನೆಗೆ ಅರಳುತ್ತದೆ. ಅಂಟು ಹಿಡಿಯದ್ದು, ತಂತಿ ಕಳಚಿದ್ದು, ಇಲಿ ಕಚ್ಚಿದ್ದು ಎಲ್ಲವೂ ಬರುತ್ತವೆ. ಮಾಡಿಸಿಕೊಂಡ ಮಗು ಶಿಕ್ಷಕರತ್ತ ನೋಡುತ್ತದೆ. ಆದ್ದರಿಂದ ಮಾತು ಮುಗಿಯುವವರೆಗೆ ಮಾರ್ಗದರ್ಶಿ ಶಿಕ್ಷಕರು ಎರಡು ಮೇಜು ದೂರ ನಿಲ್ಲಲಿ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ ಹತ್ತು ಸೆಕೆಂಡು ಕಾಯಿರಿ. ಉತ್ತರವನ್ನು ನೀವೇ ಹೇಳಿಕೊಡುವುದು ದೊಡ್ಡ ತಪ್ಪು. ಮಗು ತನ್ನ ಮನೆಮಾತಿನಲ್ಲಿ ಹೇಳಲಿ. ಇಂಗ್ಲಿಷ್ ಪದಗಳು ಸರಾಗವಾಗಿ ಬಂದವೆಂದು ತಿಳಿವಳಿಕೆಗೆ ಒಂದು ಅಂಕವನ್ನೂ ಹೆಚ್ಚು ಕೊಡಬೇಡಿ.

ಆಮೇಲೆ ನೋಟ್‌ಬುಕ್ ಕೇಳಿ. ಮಡಕೆಯ ಹುಡುಗಿಯ ಪುಸ್ತಕವನ್ನು ನಾನು ತೆರೆದು ನೋಡಿದೆ. ಹಳೆಯ ಮಡಕೆಗಿಂತ ಹೊಸ ಮಡಕೆಯಲ್ಲಿ ನೀರು ಹೆಚ್ಚು ತಂಪಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಹದಿನಾಲ್ಕು ದಿನಗಳ ಅಳತೆ. ಒಂಬತ್ತನೇ ದಿನದ ಸಾಲಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ, ‘ತಮ್ಮ ನೀರು ಕುಡಿದಿದ್ದಾನೆ, ಲೆಕ್ಕಕ್ಕಿಲ್ಲ’ ಎಂದು ಬರೆದಿದ್ದಳು. ಅಳತೆ ಏಕೆ ಕೆಟ್ಟಿತು ಎಂದು ಗುರುತಿಸಿ, ಅದನ್ನು ಅಳಿಸದೆ ಹಾಗೆಯೇ ಉಳಿಸಿದ್ದಳಲ್ಲ, ಅದಕ್ಕೇ ದಾಖಲೆಯ ಹತ್ತಕ್ಕೆ ಹತ್ತು ಕೊಟ್ಟೆ. ಹಳೆಯ ಮಡಕೆ ಏಕೆ ಸೋತಿತು ಎಂದು ಕೇಳಿದಾಗ ಅದರ ಹೊರಮೈಯ ಬಿಳಿ ಕಲೆಯನ್ನು ಉಗುರಿನಿಂದ ಕೆರೆದು ತೋರಿಸಿದಳು: ಉಪ್ಪು ಕಟ್ಟಿ ಸಣ್ಣ ರಂಧ್ರಗಳು ಮುಚ್ಚಿದರೆ ನೀರು ಜಿನುಗುವುದಿಲ್ಲ, ಜಿನುಗದಿದ್ದರೆ ಆವಿಯಾಗುವುದಿಲ್ಲ, ಆವಿಯಾಗದಿದ್ದರೆ ಶಾಖ ಹೋಗುವುದಿಲ್ಲ. ಇದೇ ವಿಜ್ಞಾನ. ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ಬರೆದ, ಒಂದು ಕಾಟೂ ಇಲ್ಲದ ಪುಸ್ತಕ ಕಂಡರೆ ಇನ್ನೆರಡು ಪ್ರಶ್ನೆ ಹೆಚ್ಚು ಕೇಳಿ.

ಅಂಗಡಿಯ ಸಿದ್ಧ ಕಿಟ್‌ಗಳ ವಿಷಯದಲ್ಲಿ ಗಟ್ಟಿಯಾಗಿರಿ. ಮಣ್ಣಿನ ತೇವಾಂಶ ಅಳೆಯುವ ಸಂವೇದಕ, ಲೇಸರ್ ಕಳ್ಳಗಂಟೆ, ಅಡುಗೆ ಸೋಡಾದ ಜ್ವಾಲಾಮುಖಿ ಎಲ್ಲವೂ ಪೆಟ್ಟಿಗೆಯಲ್ಲಿ ಸಿಗುತ್ತವೆ. ಜೋಡಿಸಿದ್ದಕ್ಕೆ ಅಂಕ ಬೇಡ. ಆದರೆ ಅದೇ ಸಂವೇದಕವನ್ನು ಕೆಂಪು ಮಣ್ಣು, ಕಪ್ಪು ಮಣ್ಣು ಎರಡರಲ್ಲೂ ಇಟ್ಟು ಅಳತೆ ಹೋಲಿಸಿದ ಮಗುವಿಗೆ ಧಾರಾಳವಾಗಿ ಕೊಡಿ. ಖರ್ಚನ್ನೂ ಕೇಳಿ. ಶಾಲಾ ಮಕ್ಕಳ ಹೊಸ ಆಲೋಚನೆಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಅವಾರ್ಡ್ಸ್–ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು ಸಿಗುವುದು 10,000 ರೂಪಾಯಿ. ಶಾಲೆಯ ಮೇಳದಲ್ಲಿ ಅದಕ್ಕಿಂತ ದುಬಾರಿ ಮಾದರಿ ಕಂಡರೆ ಅದು ಯಾರ ಕೆಲಸ ಎಂದು ವಿಚಾರಿಸಲೇಬೇಕು.

‘ಇಂಧನವಿಲ್ಲದ ವಿದ್ಯುತ್’ ಎಂಬ ಮಾದರಿಯೂ ಎದುರಾಗುತ್ತದೆ: ಮೋಟಾರು ಡೈನಮೊವನ್ನು ತಿರುಗಿಸುತ್ತದೆ, ಡೈನಮೊ ಅದೇ ಮೋಟಾರಿಗೆ ವಿದ್ಯುತ್ ಕೊಡುತ್ತದೆ ಎಂಬ ವಾದ. ಶಕ್ತಿಯ ಸಂರಕ್ಷಣಾ ನಿಯಮ ಇದಕ್ಕೆ ಒಪ್ಪುವುದಿಲ್ಲ. ಎಲ್ಲರೆದುರು ಗದರಬೇಡಿ. ‘ಬ್ಯಾಟರಿ ತೆಗೆದು ಓಡಿಸು ನೋಡೋಣ’ ಎನ್ನಿ. ನಿಂತಾಗ, ಶಕ್ತಿ ಎಲ್ಲಿ ಸೋರಿತು ಎಂದು ಹುಡುಕಲು ಹೇಳಿ. ಬೇರಿಂಗ್ ಮುಟ್ಟಿ ‘ಬಿಸಿಯಾಗಿದೆ’ ಎಂದ ಹುಡುಗನಿಗೆ ನಾನು ತಿಳಿವಳಿಕೆಗೆ ಎಂಟು ಅಂಕ ಕೊಟ್ಟಿದ್ದೇನೆ, ವಿಧಾನಕ್ಕೆ ಎರಡು.

ಇಬ್ಬರು ತೀರ್ಪುಗಾರರಿದ್ದರೆ ಅಂಕಗಳನ್ನು ಬೇರೆಬೇರೆಯಾಗಿ ಹಾಕಿ, ಕೊನೆಗೆ ಹೋಲಿಸಿ. ಸರಾಸರಿ ತೆಗೆದು ಎದ್ದು ಹೋಗುವ ಅಡ್ಡದಾರಿ ಬೇಡ. ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಮೇಜಿಗೆ ಇಬ್ಬರೂ ಮರಳಿ ಹೋಗಿ ನಿಲ್ಲಿ.

ಹೊರಡುವ ಮುನ್ನ ಪ್ರತಿ ಮಗುವಿಗೂ ಒಂದು ಚೀಟಿ ಬರೆದುಕೊಡಿ. ಹೊಗಳಿಕೆಗೆ ಒಂದು ಸಾಲು, ಮುಂದೆ ಮಾಡಬೇಕಾದ್ದಕ್ಕೆ ಒಂದು ಸಾಲು. ಅರವತ್ತು ಚೀಟಿಗೆ ಮುಕ್ಕಾಲು ಗಂಟೆ ಸಾಕು, ಊಟ ತಡವಾದರೂ ಪರವಾಗಿಲ್ಲ. ಮಡಕೆಯ ಹುಡುಗಿಗೆ ಬರೆದದ್ದು ಇಷ್ಟು: ‘ತಮ್ಮನ ಸಾಲನ್ನು ಅಳಿಸದಿದ್ದದ್ದು ಬಹಳ ಒಳ್ಳೆಯದಾಯಿತು. ಗಾಳಿಯಲ್ಲಿ ತೇವ ಹೆಚ್ಚಿರುವ ಜುಲೈನಲ್ಲಿ ಇದೇ ಮಡಕೆಗಳನ್ನು ಇಟ್ಟು ಮತ್ತೆ ಅಳೆದು ನೋಡು.’