ಬಡವರ ಊಟಿಯಲ್ಲಿ ನನಗೊಬ್ಬಳಿಗೇ ಸೆಕೆ

ಹಾಸನಕ್ಕೆ ಬಡವರ ಊಟಿ ಅಂತ ಹೆಸರು. ಡಿಸೆಂಬರ್‌ನಲ್ಲಿ ಬೆಳಗ್ಗೆ ಹಾಲು ತರಲು ಹೊರಟರೆ ಬಾಯಿಂದ ಹೊಗೆ ಬರುತ್ತದೆ. ಅಂಥ ಥಂಡಿಯಲ್ಲಿ ನಾನು ಅಂಗಡಿಯಲ್ಲಿ ಫ್ಯಾನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ಬಂದವರು ಶಾಲು ಬಿಗಿಯಾಗಿ ಹೊದ್ದುಕೊಂಡು, "ಯಾಕಕ್ಕಾ, ಮೈ ಹುಷಾರಿಲ್ವಾ?" ಅನ್ನುತ್ತಿದ್ದರು.

2021ರಲ್ಲಿ ನನಗೆ ಎದೆಯ ಗಂಟಿಗೆ ಆಪರೇಶನ್ ಆಯಿತು. ಕ್ಯಾನ್ಸರ್. ಆಗ ನನಗೆ 46 ವರ್ಷ. ಕಿಮೋ ಶುರುವಾದ ಮೇಲೆ ನಿಂತ ಮುಟ್ಟು ಮತ್ತೆ ಬರಲಿಲ್ಲ. ಮುಟ್ಟು ನಿಂತದ್ದಕ್ಕೇ ಈ ಸೆಕೆ ಶುರುವಾದದ್ದು. ಆಮೇಲೆ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ. ಅದೂ ಸೆಕೆ ತರಿಸುವ ಮಾತ್ರೆಯೇ. ಒಂದೇ ಒಲೆಗೆ ಎರಡು ಕಡೆಯಿಂದ ಸೌದೆ ಇಟ್ಟ ಹಾಗಾಯಿತು. ಬೇರೆ ಹೆಂಗಸರಿಗಾದರೆ ಈ ಸೆಕೆಗೆ ಡಾಕ್ಟರು ಹಾರ್ಮೋನ್ ಕೊಟ್ಟು ನೋಡಬಹುದು. ನನ್ನ ಗಂಟು ಹಾರ್ಮೋನ್‌ನಿಂದಲೇ ಬೆಳೆಯುವ ಜಾತಿಯದು. ಹಾಗಾಗಿ ಅದು ಬೇಡವೇ ಬೇಡ ಅಂದರು.

ಈ ಸೆಕೆ ಇದ್ದಕ್ಕಿದ್ದ ಹಾಗೆ ಝಳ ಹೊಡೆದಂತೆ ಬರುತ್ತದೆ. ಝಳ ಬರುವ ಮುಂಚೆ ಎದೆಯಲ್ಲಿ ಸಣ್ಣದಾಗಿ ಡವಡವ ಅನ್ನುತ್ತದೆ. ಆಮೇಲೆ ನೀರೊಲೆ ಮುಂದೆ ಕೂತ ಹಾಗೆ ಕತ್ತು, ಕೆನ್ನೆ, ಕಿವಿ ಎಲ್ಲ ಬಿಸಿ. ಕೂದಲ ಬುಡದಲ್ಲಿ ಬೆವರು. ಮೂರ್ನಾಲ್ಕು ನಿಮಿಷ ಅಷ್ಟೇ. ಇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಗಡಗಡ ನಡುಕ.

ಒಂದು ದಿನ ಮದುವೆ ಹುಡುಗಿಯ ರೇಷ್ಮೆ ಬ್ಲೌಸ್ ಪೀಸ್ ಕತ್ತರಿಸಲು ಕೂತಿದ್ದೆ. ಮಾವಿನಹಣ್ಣಿನ ಬಣ್ಣ. ಬಗ್ಗಿಕೊಂಡು ಸೀಮೆಸುಣ್ಣದಲ್ಲಿ ತೋಳಿನ ಗುರುತು ಹಾಕುವಾಗ ಗದ್ದದಿಂದ ಒಂದು ಹನಿ ಟಪ್ ಅಂತ ಬಿತ್ತು. ಒರೆಸಿದೆ, ಹರಡಿತು. ಆರಿದ ಮೇಲೆ ಉಂಗುರದ ಹಾಗೆ ಕಲೆ ನಿಂತಿತು. ಗುರುತನ್ನೆಲ್ಲ ಅಳಿಸಿ, ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಕಲೆ ಮಡಿಕೆಯೊಳಗೆ ಹೋಗುವ ಹಾಗೆ ಕತ್ತರಿಸಿದೆ. ಹುಡುಗಿಯ ತಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಹೊಲಿಗೆ ದುಡ್ಡು ತಗೊಳ್ಳಲಿಲ್ಲ. ಅವತ್ತು ರಾತ್ರಿ ಕೂತು ಅತ್ತುಬಿಟ್ಟೆ.

ಮಾರನೇ ದಿನದಿಂದ ಅಳತೆ ಪುಸ್ತಕದ ಕೊನೇ ಪುಟದಲ್ಲಿ ಗೀಟು ಹಾಕಲು ಶುರು ಮಾಡಿದೆ. ಒಂದು ಝಳಕ್ಕೆ ಒಂದು ಗೀಟು. ದಿನಕ್ಕೆ 14 ಬಂತು.

ಈ ಗೀಟು ನನಗೆ ಒಂದು ವಿಷಯ ಕಲಿಸಿತು. ಝಳ ಕಡಿಮೆ ಮಾಡೋದು ಬೇರೆ, ಝಳ ತಡ್ಕೊಳ್ಳೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡು ಎಷ್ಟು ದಿನ ಹಾಳು ಮಾಡಿದೆನೋ! ನಮ್ಮತ್ತೆ "ಉಷ್ಣ ಕಣೇ" ಅಂತ ನೆತ್ತಿಗೆ ಹರಳೆಣ್ಣೆ ತಟ್ಟಿದರು, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟರು. ಹಿತವಾಗಿತ್ತು. ಗೀಟು ಮಾತ್ರ 14ರಲ್ಲೇ ಇತ್ತು. ಎರಡು ವಾರ ಕಾಫಿ ಬಿಟ್ಟೆ. ತಲೆನೋವು ಬಂತು, ಸಿಡುಕು ಬಂತು, ಗೀಟು 13! ಹಾಸನದಲ್ಲಿದ್ದುಕೊಂಡು ಒಂದು ಗೀಟಿಗೋಸ್ಕರ ಕಾಫಿ ಬಿಡೋಕಾಗುತ್ತಾ? ಈಗ ಸ್ವಲ್ಪ ಆರಿಸಿ ಕುಡಿಯುತ್ತೇನೆ. ಕೆಲವರಿಗೆ ಕಾಫಿ, ಖಾರ ಬಿಟ್ಟರೆ ಗುಣ ಕಾಣಬಹುದು. ಬರೆದಿಟ್ಟುಕೊಂಡು ನೋಡಿದರೆ ಗೊತ್ತಾಗುತ್ತದೆ. ನಾದಿನಿ ಶತಾವರಿ ಪುಡಿ ತಂದುಕೊಟ್ಟಳು. ಡಬ್ಬಿಯನ್ನೇ ಡಾಕ್ಟರ ಹತ್ತಿರ ಒಯ್ದೆ. ಹಾರ್ಮೋನ್ ಥರ ಕೆಲಸ ಮಾಡಬಹುದಾದ ಯಾವ ಪುಡಿ, ಲೇಹವನ್ನೂ ಕೇಳದೆ ಮುಟ್ಟಬೇಡಿ ಅಂದರು.

ಡಾಕ್ಟರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದೂ ಹೀಗೇ ಬೆವರಿಸುತ್ತದಂತೆ. ಸರಿಯಿತ್ತು. ಆಮೇಲೆ ವಿವರಿಸಿದರು: ಮೈಯ ಬಿಸಿ ನೋಡಿಕೊಳ್ಳುವ ಜಾಗ ಮಿದುಳಿನಲ್ಲಿದೆ, ಹೈಪೊಥಲಾಮಸ್ ಅಂತ. ಮುಟ್ಟು ನಿಂತು ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿದಾಗ ಅದರ ಸಹನೆ ಕಡಿಮೆಯಾಗುತ್ತದೆ. ನನಗೆ ತಕ್ಷಣ ಬ್ಲೌಸ್ ನೆನಪಾಯಿತು. ಲೂಸ್ ಬಿಡದೆ ಮೈಗೆ ಅಂಟಿದ ಹಾಗೆ ಹೊಲಿದರೆ, ಜೋರಾಗಿ ಉಸಿರೆಳೆದರೂ ಹುಕ್ಸು ಕೀಳುತ್ತದಲ್ವಾ? ಹಾಗೇ ಮೈ ಚೂರು ಬಿಸಿಯಾದರೂ ಸಾಕು, ಮಿದುಳು ಗಾಬರಿಯಾಗಿ ರಕ್ತನಾಳ ಹಿಗ್ಗಿಸಿ, ಬೆವರು ಹರಿಸಿಬಿಡುತ್ತದೆ.

ಬರೆದುಕೊಟ್ಟದ್ದು ವೆನ್ಲಾಫ್ಯಾಕ್ಸಿನ್, 37.5 ಮಿಲಿಗ್ರಾಂ. ಮೆಡಿಕಲ್ ಸ್ಟೋರಿನ ಹುಡುಗ "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಮೇಡಂ" ಅಂದಾಗ ಮುಖ ಸಣ್ಣದಾಯಿತು. ನಾನೇನು ತಲೆ ಕೆಟ್ಟವಳಾ? ವಾಪಸ್ ಹೋಗಿ ಕೇಳಿದೆ. ಸಣ್ಣ ಡೋಸಿನಲ್ಲಿ ಝಳಕ್ಕೂ ಕೊಡುತ್ತಾರೆ ಅಂದರು. ಇದೇ ಬಗೆಯ ಪ್ಯಾರಾಕ್ಸೆಟಿನ್ ಕೂಡ ಝಳಕ್ಕೆ ಇದೆ. ಆದರೆ ಟ್ಯಾಮಾಕ್ಸಿಫೆನ್ ಲಿವರ್‌ನಲ್ಲಿ ಬದಲಾಗಿ ಕೆಲಸಕ್ಕೆ ಬರುವುದನ್ನೇ ಅದು ತಡೆಯುತ್ತದೆ. ಹಾಗಾಗಿ ನನ್ನಂಥವರಿಗೆ ಅದು ಬೇಡ. ಯಾರ ಚೀಟಿಯನ್ನೋ ನೋಡಿ ಮಾತ್ರೆ ತಗೊಳ್ಳಬಾರದು ಅನ್ನೋದು ಇದಕ್ಕೇ.

ಮೊದಲ ವಾರ ಹೊಟ್ಟೆ ತೊಳಸಿತು, ಬಾಯಿ ಒಣಗಿತು. ಎರಡನೇ ವಾರದ ಕೊನೆಗೆ ಗೀಟು 9. ಡೋಸು 75 ಮಾಡಿದ ಮೇಲೆ 6. ಈ ಮಾತ್ರೆಗೆ ಬಿಪಿ ಏರಬಹುದು, ಅದಕ್ಕೆ ಆಗಾಗ ನೋಡಿಸುತ್ತೇನೆ. ಒಮ್ಮೆ ಹಾಸನಾಂಬೆ ಗುಡಿ ಬಾಗಿಲು ತೆರೆದಾಗ ಮನೆ ತುಂಬ ನೆಂಟರು, ಮಾತ್ರೆ ಮುಗಿದದ್ದೇ ಗೊತ್ತಾಗಲಿಲ್ಲ. ಮೂರನೇ ದಿನ ದರ್ಶನದ ಸಾಲಿನಲ್ಲಿ ನಿಂತಾಗ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅಂತು. ಅಲ್ಲೇ ಕುಸಿದು ಕೂತೆ. ಇದನ್ನು ಇದ್ದಕ್ಕಿದ್ದ ಹಾಗೆ ಬಿಡಬಾರದು, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಹೇಳಿಯೂ ಇದ್ದರು.

ಉಳಿದ ಆರನ್ನು ತಡ್ಕೊಳ್ಳೋಕೆ ನನ್ನ ಕಸುಬೇ ನೆರವಿಗೆ ಬಂತು. ಪಾಲಿಸ್ಟರ್ ಲೈನಿಂಗ್ ಇದ್ದ ನನ್ನ ಬ್ಲೌಸ್‌ಗಳನ್ನೆಲ್ಲ ಬಿಚ್ಚಿ ಮಲ್ ಬಟ್ಟೆ ಕೊಟ್ಟೆ, ಕಂಕುಳಲ್ಲಿ ಅರ್ಧ ಇಂಚು ಲೂಸ್ ಬಿಟ್ಟೆ. ರಾತ್ರಿಗೆ ಮುಂದೆ ಪೂರ್ತಿ ತೆರೆಯುವ ನೈಟಿ, ಟಿಚ್ ಬಟನ್ ಹಾಕಿದ್ದು. ಕತ್ತಲಲ್ಲಿ ಗುಂಡಿ ಹುಡುಕುವ ಕೆಲಸವಿಲ್ಲ, ಎಳೆದರೆ ಬಿಚ್ಚಿತು. ಕಂಬಳಿ ಬದಲು ಹಳೇ ಕಾಟನ್ ಸೀರೆ ಎರಡು ಮಡಿಕೆ. ಒಂದು ಮಡಿಕೆ ತಳ್ಳಿ ಇನ್ನೊಂದು ಉಳಿಸಿಕೊಳ್ಳಬಹುದು. ಮನೆಯವರು ಮಾತ್ರ ಕಂಬಳಿಯೊಳಗಿಂದಲೇ "ಕಿಟಕಿ ಹಾಕೇ ಮಾರಾಯ್ತಿ" ಅನ್ನುತ್ತಾರೆ. ಕಟಿಂಗ್‌ಗೆ ಕೂರುವಾಗ ಹಣೆಗೊಂದು ಬಟ್ಟೆಪಟ್ಟಿ. ರೇಷ್ಮೆ ಕಟಿಂಗ್ ಬೆಳಗ್ಗೆ ಮುಗಿಸುತ್ತೇನೆ, ಇಸ್ತ್ರಿ ಕೆಲಸ ಹುಡುಗಿಗೆ.

ಕೌನ್ಸೆಲರ್ ಒಬ್ಬರ ಹತ್ತಿರವೂ ನಾಲ್ಕು ಸಲ ಹೋಗಿದ್ದೆ. ಝಳ ಬಂದಾಗ ಮನಸ್ಸಿನಲ್ಲಿ ಏನು ಓಡುತ್ತದೆ ಅಂತ ಕೇಳಿದರು. "ಎಲ್ಲರೂ ನನ್ನ ಕೆಂಪು ಮುಖವನ್ನೇ ನೋಡ್ತಿದ್ದಾರೆ" ಅಂದೆ. ಹಾಗಾದರೆ ನೀವೇ ನೋಡಿಕೊಳ್ಳಿ ಅಂದರು. ಮುಂದಿನ ಝಳಕ್ಕೆ ಟ್ರಯಲ್ ರೂಮಿಗೆ ಹೋಗಿ ಕನ್ನಡಿ ನೋಡಿದೆ. ಹಣೆ ಮೇಲೆ ಬೆವರು, ಅಷ್ಟೇ. ಮುಖ ಎಂದಿನ ಹಾಗೇ ಇತ್ತು! ಇದರಿಂದ ಗೀಟೇನೂ ಇಳಿಯಲಿಲ್ಲ. ಆದರೆ ಈಗ ಅಳತೆ ತಗೊಳ್ಳುವಾಗ ಝಳ ಬಂದರೆ ಟೇಪು ಕೆಳಗಿಡುವುದಿಲ್ಲ. "ಸ್ವಲ್ಪ ಸೆಕೆ ನಂಗೆ" ಅಂತ ಫ್ಯಾನ್ ತಿರುಗಿಸಿಕೊಂಡು ಮುಂದುವರಿಸುತ್ತೇನೆ.

ಈಗ ಹಗಲು ಮೂರು, ರಾತ್ರಿ ಎರಡು. ಮಾತ್ರೆ ಇಳಿಸಬಹುದಾ ಅಂತ ಡಾಕ್ಟರನ್ನು ಕೇಳಬೇಕು. ಮದುವೆ ಸೀಸನ್ ಮುಗಿಯಲಿ, ಆಮೇಲೆ.