ಇನ್ನೂರು ಗ್ರಾಂ ಡಬ್ಬಿಯ ಮುಂದೆ ಐದು ಗ್ರಾಂ: ಕೈಯ ಸೂಕ್ಷ್ಮತೆಯನ್ನು ನಾನು ಅಳೆಯುವ ರೀತಿ

ಎರಡು ತೂಕಗಳ ನಡುವೆ ಎಷ್ಟು ವ್ಯತ್ಯಾಸವಿದ್ದರೆ ಕೈಗೆ ಗೊತ್ತಾಗುತ್ತದೆ ಎಂದು ಅಳೆಯಲು ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದೇ ಅಚ್ಚಿನ, ಅಗಲ ಬಾಯಿಯ, 150 ಮಿ.ಲೀ. ಹಿಡಿಯುವ ಎಂಟು ಪ್ಲಾಸ್ಟಿಕ್ ಡಬ್ಬಿ, ಒಣ ಮರಳು, ಹತ್ತಿ, ಟೇಪು, 0.1 ಗ್ರಾಂವರೆಗೆ ತೋರಿಸುವ ಒಂದು ಎಲೆಕ್ಟ್ರಾನಿಕ್ ತಕ್ಕಡಿ. ತಕ್ಕಡಿ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಚಿನ್ನ ತೂಗಲೆಂದು ಮಾರುವ ಪುಟ್ಟ ತಕ್ಕಡಿಗಳಲ್ಲಿ ಹಲವು 200 ಗ್ರಾಂಗೆ ನಿಂತುಬಿಡುತ್ತವೆ. ನಮಗೆ 215 ಗ್ರಾಂವರೆಗೆ ಬೇಕು, ಹಾಗಾಗಿ 500 ಗ್ರಾಂನದನ್ನೇ ತರಬೇಕು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸುತ್ತದೆ. ಡಬ್ಬಿಯಿಂದ ಡಬ್ಬಿಗೆ ಐದೇ ಗ್ರಾಂ ವ್ಯತ್ಯಾಸವಿರುವಾಗ ಒಂದು ಗ್ರಾಂ ತಪ್ಪು ಸಣ್ಣದಲ್ಲ.

ಒಂದು ಡಬ್ಬಿ 200 ಗ್ರಾಂನದು, ಅದು ಮಾನಕ, ಅಂದರೆ ಉಳಿದವನ್ನು ಒಂದೊಂದಾಗಿ ಇದರ ಜೊತೆ ಎತ್ತಿ ಹೋಲಿಸುವುದು. ಉಳಿದ ಏಳು ಹೋಲಿಕೆಯವು: 185, 190, 195, 200, 205, 210, 215. ಮರಳನ್ನು ನೇರವಾಗಿ ಸುರಿದರೆ ತಳದಲ್ಲಿ ಕೂರುತ್ತದೆ, ಅಲುಗಿಸಿದರೆ ಸದ್ದು ಮಾಡುತ್ತದೆ; ಸದ್ದು ಕೇಳಿದವರು ಕೈಯಿಂದಲ್ಲ, ಕಿವಿಯಿಂದ ಉತ್ತರ ಕೊಡತೊಡಗುತ್ತಾರೆ. ನಾನು ಮರಳನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟುತ್ತೇನೆ, ಕೆಳಗೂ ಮೇಲೂ ಸುತ್ತಲೂ ಹತ್ತಿ ತುರುಕಿ ಗಂಟನ್ನು ಡಬ್ಬಿಯ ನಡುಮಧ್ಯಕ್ಕೆ ತರುತ್ತೇನೆ. ಮುಚ್ಚಳ, ಟೇಪು ಎಲ್ಲ ಹಾಕಿದ ಮೇಲೆಯೇ ಕೊನೆಯ ತೂಕ. ಮಳೆಗಾಲದಲ್ಲಿ ಮರಳೂ ಹತ್ತಿಯೂ ತೇವ ಎಳೆದುಕೊಳ್ಳುತ್ತವೆ, ಆದ್ದರಿಂದ ಮರಳನ್ನು ಬಾಣಲೆಯಲ್ಲಿ ಹುರಿದು ಆರಿಸಿ ತುಂಬುವುದು, ಪ್ರತಿ ಸಲ ಪ್ರಯೋಗಕ್ಕೆ ಮುಂಚೆ ಎಂಟನ್ನೂ ಮತ್ತೆ ತೂಗುವುದು. ಗುರುತನ್ನು ತಳದಲ್ಲಿ ಬರೆಯಬೇಕು, ಅದೂ ಗ್ರಾಂ ಲೆಕ್ಕದಲ್ಲಲ್ಲ, ಅಕ್ಷರದಲ್ಲಿ.

ಡಬ್ಬಿ ಪ್ಲಾಸ್ಟಿಕ್ಕಿನದೇ ಏಕೆಂದರೆ ಲೋಹ ತಣ್ಣಗಿರುತ್ತದೆ, ತಣ್ಣಗಿದ್ದದ್ದು ಭಾರವೆನಿಸುತ್ತದೆ. ಇದನ್ನು ಗಮನಿಸಿದವರು ಜರ್ಮನಿಯ ಲೈಪ್‌ಜಿಗ್‌ನ ಶರೀರವಿಜ್ಞಾನಿ ಅರ್ನ್ಸ್ಟ್ ಹೈನ್‌ರಿಖ್ ವೇಬರ್. ಹಣೆಯ ಮೇಲೆ ತಣ್ಣನೆಯ ಬೆಳ್ಳಿ ನಾಣ್ಯ ಇಟ್ಟರೆ ಅದು ಅಷ್ಟೇ ತೂಕದ ಬೆಚ್ಚನೆಯ ನಾಣ್ಯಕ್ಕಿಂತ ಭಾರವೆನಿಸುತ್ತದೆಂದು ಅವರು ಬರೆದಿದ್ದರು. 1834ರಲ್ಲಿ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ಸ್ಪರ್ಶದ ಅಧ್ಯಯನದಲ್ಲಿ ಅವರು ಕಂಡುಕೊಂಡ ದೊಡ್ಡ ಸಂಗತಿ ಬೇರೆಯದು: ಎರಡು ತೂಕಗಳ ವ್ಯತ್ಯಾಸ ಕೈಗೆ ಗೊತ್ತಾಗಬೇಕಾದರೆ ಇಷ್ಟು ಗ್ರಾಂ ಎಂಬ ಲೆಕ್ಕ ಸಾಲದು, ಮೂಲ ತೂಕದ ಇಷ್ಟನೇ ಒಂದು ಪಾಲು ಎಂಬ ಲೆಕ್ಕ ಬೇಕು. ಎತ್ತಿ ನೋಡಿದ ತೂಕಕ್ಕೆ ಅವರು ಹೇಳಿದ್ದು ಸುಮಾರು ನಲವತ್ತರಲ್ಲಿ ಒಂದು ಪಾಲು. ಇವತ್ತಿನ ಪಠ್ಯಗಳು ಐವತ್ತರಲ್ಲಿ ಒಂದು, ಅಂದರೆ 0.02, ಎನ್ನುತ್ತವೆ. ಪಳಗದ ಕೈಯಿಂದ ಅಷ್ಟು ಬರುತ್ತದೆಂದು ಮೊದಲ ದಿನ ನಿರೀಕ್ಷಿಸಬಾರದು.

ಅನಿಸಿಕೆಯನ್ನು ತಕ್ಕಡಿಗೆ ಹಾಕಲಾಗದು. ಆದರೆ ಕೈ ಎಷ್ಟು ಸಲ ತಪ್ಪಿತು ಎಂದು ಎಣಿಸಬಹುದು. ಅಳತೆಯೆಲ್ಲ ಆ ಎಣಿಕೆಯಿಂದಲೇ ಹುಟ್ಟುತ್ತದೆ. ಈ ದಾರಿ ತೋರಿಸಿದವರು ಜರ್ಮನಿಯ ವಿಜ್ಞಾನಿ ಗುಸ್ತಾವ್ ಫೆಕ್ನರ್. 1860ರ ಅವರ ಗ್ರಂಥದಲ್ಲಿ ಮೂರು ವಿಧಾನಗಳಿವೆ: ಪ್ರಚೋದನೆಯನ್ನು (ನಮ್ಮಲ್ಲಿ ತೂಕವನ್ನು) ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಮಿತಿ ವಿಧಾನ, ಪ್ರಯೋಗಕ್ಕೆ ಕೂತವರೇ ತಿರುಗಿಸಿ ಸರಿಹೊಂದಿಸುವ ವಿಧಾನ, ಮೊದಲೇ ಆಯ್ದಿಟ್ಟ ಕೆಲವು ಪ್ರಚೋದನೆಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ಹಲವು ಸಲ ಕೊಡುವ ಸ್ಥಿರ ಪ್ರಚೋದನೆಗಳ ವಿಧಾನ. ತೂಕಕ್ಕೆ ಮೂರನೆಯದೇ ಸರಿ. ಫೆಕ್ನರ್ ತೂಕಗಳ ಬಗ್ಗೆ ತಾವೊಬ್ಬರೇ 24,576 ತೀರ್ಪು ಬರೆದಿಟ್ಟುಕೊಂಡಿದ್ದರು. ನಾವು 140ಕ್ಕೆ ತೃಪ್ತರಾಗೋಣ.

ಏಳು ತೂಕ, ಪ್ರತಿಯೊಂದಕ್ಕೂ ಎರಡು ಕ್ರಮ (ಮಾನಕ ಮೊದಲು, ಮಾನಕ ಆಮೇಲೆ), ಅಂದರೆ 14 ಚೀಟಿ. ಚೀಟಿಗಳನ್ನು ಡಬ್ಬದಲ್ಲಿ ಕಲಸಿ ಒಂದೊಂದಾಗಿ ಎತ್ತಿ ಆ ಕ್ರಮದಲ್ಲೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಇದು ಒಂದು ಸುತ್ತು. ಇಂಥ ಹತ್ತು ಸುತ್ತಿಗೆ ಪ್ರತಿ ತೂಕಕ್ಕೆ 20 ತೀರ್ಪು ಸಿಗುತ್ತದೆ. ಒಂದು ತೀರ್ಪಿಗೆ ಹೆಚ್ಚುಕಡಿಮೆ 15 ಸೆಕೆಂಡು, ಸುತ್ತು ಮುಗಿದ ಮೇಲೆ ಎರಡು ನಿಮಿಷ ವಿರಾಮ. ಒಂದು ದಿನಕ್ಕೆ ಐದು ಸುತ್ತು ಸಾಕು. ಹತ್ತನ್ನೂ ಒಂದೇ ಸಲ ಕೂತು ಮುಗಿಸಲು ಹೊರಟರೆ ಏಳನೆಯ ಸುತ್ತಿನ ಹೊತ್ತಿಗೆ ಎಲ್ಲವೂ ಭಾರವೇ.

ಪ್ರಯೋಗಕ್ಕೆ ಕೂತವರ ಮೊಣಕೈ ಮೇಜಿನ ಮೇಲೆ ಊರಿರಬೇಕು. ಕಣ್ಣಿಗೆ ಬಟ್ಟೆ ಕಟ್ಟುವುದಕ್ಕಿಂತ ಅಡ್ಡ ಪರದೆ ಹಿಡಿಸಿ, ಅದರ ಕೆಳಗಿನಿಂದ ಕೈ ತೂರಿಸುವುದು ಮೇಲು. ಕಣ್ಣು ಕಟ್ಟಿದವರು ಡಬ್ಬಿಗಾಗಿ ತಡಕಾಡುತ್ತಾರೆ, ಪ್ರತಿ ಸಲ ಬೇರೆ ಜಾಗದಲ್ಲಿ ಹಿಡಿಯುತ್ತಾರೆ. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು ಎರಡು ಡಬ್ಬಿಯನ್ನೂ ಒಂದಾದ ಮೇಲೊಂದು ಅದೇ ವೃತ್ತದಲ್ಲಿ ಇಡಬೇಕು. ಮೊಬೈಲಿನ ಮೆಟ್ರೊನೋಮ್ ನಿಮಿಷಕ್ಕೆ 60ರ ಲಯದಲ್ಲಿ ಬಡಿಯುತ್ತಿರಲಿ: ಒಂದು ಬಡಿತಕ್ಕೆ ಎತ್ತು, ಇನ್ನೊಂದಕ್ಕೆ ಇಳಿಸು. ಎತ್ತರ ನಾಲ್ಕು ಬೆರಳಷ್ಟು. ಬೇಗ ಎತ್ತಿದ್ದು ಹಗುರ, ನಿಧಾನವಾಗಿ ಎತ್ತಿದ್ದು ಭಾರ ಎಂಬ ಗೊಂದಲ ಲಯವಿಲ್ಲದಿದ್ದರೆ ಬಂದೇ ಬರುತ್ತದೆ. ಬೆವರಿದ ಕೈಯನ್ನು ಒರೆಸಿಕೊಳ್ಳಲು ಒಂದು ಟವೆಲ್ ಪಕ್ಕದಲ್ಲಿರಲಿ. ಡಬ್ಬಿ ಜಾರಿದಷ್ಟೂ ಬೆರಳು ಬಿಗಿಯಾಗಿ ಹಿಡಿಯುತ್ತದೆ, ಬಿಗಿ ಹಿಡಿದದ್ದು ಹೆಚ್ಚು ಭಾರವೆನಿಸುತ್ತದೆ.

ಪ್ರಶ್ನೆ ಒಂದೇ: ಎರಡನೆಯದು ಭಾರವೋ, ಹಗುರವೋ? ‘ಸಮ’ ಎನ್ನಲು ನಾನು ಬಿಡುವುದಿಲ್ಲ. ಹಳೆಯ ಪ್ರಾಕ್ಟಿಕಲ್ ಕೈಪಿಡಿಗಳು ಮೂರು ಉತ್ತರ ಕೊಡುತ್ತಿದ್ದವು. ಇಬ್ಬರನ್ನು ಹೋಲಿಸುವಾಗ ಅದು ದಿಕ್ಕು ತಪ್ಪಿಸುತ್ತದೆ. ಹಿಂಜರಿಕೆಯ ಸ್ವಭಾವದವರು ಸ್ವಲ್ಪ ಅನುಮಾನ ಬಂದರೂ ‘ಸಮ’ ಎಂದುಬಿಡುತ್ತಾರೆ, ಧೈರ್ಯಸ್ಥರು ಒಮ್ಮೆಯೂ ಹೇಳುವುದಿಲ್ಲ. ಕೈ ಇಬ್ಬರದೂ ಒಂದೇ ಆದರೂ ಹೊಸ್ತಿಲು, ಅಂದರೆ ಗೊತ್ತಾಗಲು ಬೇಕಾದ ಕನಿಷ್ಠ ವ್ಯತ್ಯಾಸ, ಒಬ್ಬರದು ಅಗಲವಾಗಿ ಕಾಣುತ್ತದೆ. ಸಂವೇದನೆಯ ಚುರುಕು ಬೇರೆ, ‘ಹೌದು’ ಎನ್ನುವ ಧೈರ್ಯ ಬೇರೆ ಎಂಬುದನ್ನು ಲೆಕ್ಕದಲ್ಲೇ ಬಿಡಿಸಿ ತೋರಿಸಿದ್ದು ಸಂಕೇತ ಪತ್ತೆಯ ಸಿದ್ಧಾಂತ. ರೇಡಾರ್ ಪರದೆ ನೋಡುವವರ ಸಮಸ್ಯೆಯಿಂದ ಬೆಳೆದ ಅದನ್ನು 1966ರಲ್ಲಿ ಮನಃಶಾಸ್ತ್ರಜ್ಞರಾದ ಗ್ರೀನ್ ಮತ್ತು ಸ್ವೆಟ್ಸ್ ಪುಸ್ತಕವಾಗಿಸಿದರು. ನಮ್ಮ ಮಟ್ಟಿಗೆ ಎರಡೇ ಉತ್ತರ, ಗೊತ್ತಾಗದಿದ್ದರೆ ಊಹಿಸಿ ಹೇಳಬೇಕು. ಊಹೆಯೆಂದು ಹೇಳಿದ ಉತ್ತರಗಳು ಅರ್ಧಕ್ಕಿಂತ ಹೆಚ್ಚು ಸರಿಯಾಗಿರುವುದು ಇಲ್ಲಿ ಸಾಮಾನ್ಯ. ಡಬ್ಬಿ ಇಡುವವರು ‘ಸರಿ’, ‘ಹೂಂ’ ಏನನ್ನೂ ಅನ್ನಕೂಡದು.

ಹಾಳೆ ತುಂಬುವಾಗ ಹತ್ತರಲ್ಲಿ ಎಂಟು ಜನ ಎಡವುವುದು ಒಂದೇ ಕಡೆ. ಮಾನಕ ಎರಡನೆಯದಾಗಿ ಬಂದಿದ್ದರೆ ‘ಎರಡನೆಯದು ಭಾರ’ ಎಂಬ ಉತ್ತರದ ಅರ್ಥ ಹೋಲಿಕೆಯ ಡಬ್ಬಿ ಹಗುರ ಎಂದು. ತಿರುಗಿಸದೆ ಕೂಡಿಸಿದರೆ ಗ್ರಾಫ್ ಚಪ್ಪಟೆಯಾಗಿ ಮಲಗುತ್ತದೆ. ಅದಕ್ಕೆ ನಾನು ಬಾಯಿಂದ ಬಂದ ಉತ್ತರಕ್ಕೊಂದು, ತಿರುಗಿಸಿದ ಉತ್ತರಕ್ಕೊಂದು ಎಂದು ಎರಡು ಕಾಲಂ ಹಾಕಿಸುತ್ತೇನೆ.

ಲೆಕ್ಕಕ್ಕೆ ಒಂದು ಮಾದರಿ. ‘ಹೋಲಿಕೆಯದು ಭಾರ’ ಎಂಬ ಉತ್ತರ 20ರಲ್ಲಿ ಹೀಗೆ ಬಂತೆನ್ನಿ: 185ಕ್ಕೆ 1, 190ಕ್ಕೆ 2, 195ಕ್ಕೆ 5, 200ಕ್ಕೆ 9, 205ಕ್ಕೆ 14, 210ಕ್ಕೆ 17, 215ಕ್ಕೆ 19. ಶೇಕಡಾವಾರು 5, 10, 25, 45, 70, 85, 95. ಗ್ರಾಫ್ ಹಾಳೆಯಲ್ಲಿ ಇದು ಮಲಗಿದ ‘ಎಸ್’ ಆಕಾರದಲ್ಲಿ ಏರುತ್ತದೆ. ಶೇ. 25 ಸಿಕ್ಕಿದ್ದು 195 ಗ್ರಾಂನಲ್ಲಿ. ಶೇ. 50 ಸಿಗುವುದು 200 ಮತ್ತು 205ರ ನಡುವೆ: 25 ಅಂಶ ಏರಲು 5 ಗ್ರಾಂ ಬೇಕಾಯಿತು, ನಮಗೆ ಬೇಕಾದ್ದು 5 ಅಂಶ, ಅಲ್ಲಿಗೆ 201. ಶೇ. 75 ಹಾಗೆಯೇ 206.7. ಶೇ. 75 ಮತ್ತು ಶೇ. 25ರ ಅಂತರದ ಅರ್ಧ, 11.7ರ ಅರ್ಧ, ಸುಮಾರು 5.8 ಗ್ರಾಂ. ಇದು ವ್ಯತ್ಯಾಸದ ಹೊಸ್ತಿಲು. 200ರಿಂದ ಭಾಗಿಸಿದರೆ 0.029, ಅದು ವೇಬರ್ ಭಿನ್ನರಾಶಿ. ಶೇ. 50 ಸಿಕ್ಕ 201 ಎಂಬುದು ಸಮವೆನಿಸುವ ಬಿಂದು, ಅಲ್ಲಿ ಭಾರ, ಹಗುರ ಎರಡೂ ಉತ್ತರ ಅರ್ಧರ್ಧ. ಮಾನಕದಿಂದ ಅದು ಒಂದು ಗ್ರಾಂ ಸರಿದಿದೆ.

ಆ ಸರಿಯುವಿಕೆಯನ್ನು ಕಡೆಗಣಿಸಬಾರದು. ಎರಡನೆಯ ಸಲ ಎತ್ತಿದ್ದು ಕೊಂಚ ಭಾರವೆನಿಸುವುದು ತೂಕದ ಪ್ರಯೋಗದಲ್ಲಿ ಮಾಮೂಲು. ಇದನ್ನು ಕಾಲದೋಷ ಎನ್ನುತ್ತಾರೆ. ಎರಡೂ ಕ್ರಮದಲ್ಲಿ ಕೊಟ್ಟದ್ದು ಇದಕ್ಕಾಗಿಯೇ. ಕ್ರಮಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಸಮವೆನಿಸುವ ಬಿಂದು ಒಂದರಲ್ಲಿ 200ರ ಕೆಳಗೆ, ಇನ್ನೊಂದರಲ್ಲಿ ಮೇಲೆ ಬರುತ್ತದೆ, ಕೂಡಿಸಿದಾಗ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಬಿಡುವಿದ್ದರೆ 50 ಗ್ರಾಂ ಮಾನಕದ ಇನ್ನೊಂದು ಸೆಟ್ ಮಾಡಿ ನೋಡಬಹುದು. ಭಿನ್ನರಾಶಿ ಅಲ್ಲಿ ದೊಡ್ಡದಾಗುತ್ತದೆ. ತೀರಾ ಹಗುರವಾದಾಗ ವೇಬರ್ ಲೆಕ್ಕ ಕೈಕೊಡುತ್ತದೆ. ಕೈ ತನ್ನದೇ ಭಾರವನ್ನೂ ಎತ್ತುತ್ತಿರುತ್ತದಲ್ಲ.

(ಇಂಥ ಪ್ರಯೋಗಗಳಿಗೆ ನಮ್ಮಲ್ಲೂ ಹಳೆಯ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದ ಅದೇ ಪ್ರೊಫೆಸರು.)

ವ್ಯತ್ಯಾಸದ ಹೊಸ್ತಿಲಲ್ಲದೆ ‘ಇದೆಯೋ ಇಲ್ಲವೋ’ ಎಂಬ ಹೊಸ್ತಿಲೂ ಉಂಟು. ಅದಕ್ಕೆ ಉಪ್ಪು ಅನುಕೂಲ. ಒಂದು ಲೀಟರ್ ನೀರಿಗೆ 5.8 ಗ್ರಾಂ ಉಪ್ಪು ಕರಗಿಸಿ, ಅದರ ಅರ್ಧಕ್ಕೆ ಅಷ್ಟೇ ನೀರು ಬೆರೆಸುತ್ತ 2.9, 1.45, 0.73, 0.36, 0.18, 0.09 ಗ್ರಾಂ ಎಂದು ಇಳಿಸುತ್ತ ಹೋಗುವುದು. ಪ್ರತಿ ಸಲ ಮೂರು ಲೋಟ, ತಲಾ 10 ಮಿ.ಲೀ., ಒಂದರಲ್ಲಿ ಮಾತ್ರ ಉಪ್ಪು. ಎರಡು ಸಲ ಬಿಡದೆ ಸರಿಯಾಗಿ ಹೇಳಿದರೆ ಒಂದು ಮೆಟ್ಟಿಲು ಕೆಳಕ್ಕೆ, ಒಂದು ತಪ್ಪಿದರೂ ಒಂದು ಮೇಲಕ್ಕೆ. ದಿಕ್ಕು ಏಳು ಸಲ ತಿರುಗಿದ ಮೇಲೆ ನಿಲ್ಲಿಸಿ, ಕೊನೆಯ ನಾಲ್ಕು ತಿರುವುಗಳ ಗುಣೋತ್ತರ ಸರಾಸರಿ (ನಾಲ್ಕನ್ನೂ ಗುಣಿಸಿ ಬಂದದ್ದರ ನಾಲ್ಕನೆಯ ಮೂಲ) ತೆಗೆಯಬೇಕು. ಬೋರ್‌ವೆಲ್ ನೀರು ಬೇಡ, ಅದಕ್ಕೇ ಒಂದು ರುಚಿಯಿರುತ್ತದೆ. ಡಿಸ್ಟಿಲ್ಡ್ ನೀರೇ ಆಗಬೇಕು. ನಮ್ಮ ಜೊಲ್ಲಿನಲ್ಲೇ ಸೋಡಿಯಂ ಇದೆ, ಬಾಯಿ ಮುಕ್ಕಳಿಸದಿದ್ದರೆ ನಾಲಗೆ ಅದಕ್ಕೆ ಒಗ್ಗಿ ಕೂತಿರುತ್ತದೆ. ಪ್ರತಿ ಗುಟುಕಿನ ಮುಂಚೆ ಅದೇ ನೀರಿನಲ್ಲಿ ಮುಕ್ಕಳಿಸಿ, ಅರ್ಧ ನಿಮಿಷ ಕಾಯಬೇಕು.

ಇನ್ನು ಗ್ರಹಿಕೆ, ಅಂದರೆ ಕೈಯ ಜೊತೆ ಕಣ್ಣೂ ಸೇರಿ ಮೂಡಿಸುವ ಅನಿಸಿಕೆ. ಒಂದು ಲೀಟರಿನ ಡಬ್ಬವನ್ನೂ ಕಾಲು ಲೀಟರಿನದನ್ನೂ ತಲಾ 300 ಗ್ರಾಂ ಬರುವಂತೆ ತುಂಬಿ, ಪರದೆ ತೆಗೆದು ಎತ್ತಿಸಿ. ಚಿಕ್ಕದೇ ಭಾರ ಎನ್ನುತ್ತಾರೆ. 1891ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಪಾಂತಿಯೆ ಬರೆದ ಭ್ರಮೆ ಇದು. ನಮ್ಮ ಎಂಟು ಡಬ್ಬಿಗಳೂ ಒಂದೇ ಅಳತೆಯವಾಗಿರಬೇಕಾದ್ದೂ ಇದರಿಂದಲೇ. ಹಿಂದಿನ ವಿಧಾನದಲ್ಲೇ ಇದನ್ನೂ ಅಳೆಯಬಹುದು: ದೊಡ್ಡ ಡಬ್ಬವೇ ಮಾನಕ, ಹೋಲಿಕೆಗೆ ಕಾಲು ಲೀಟರಿನ ಡಬ್ಬಗಳು, 180ರಿಂದ 320ರವರೆಗೆ 20 ಗ್ರಾಂ ಅಂತರದಲ್ಲಿ. ಸಮವೆನಿಸುವ ಬಿಂದು 300ರಿಂದ ಎಷ್ಟು ಕೆಳಗೆ ಬಂತೋ ಅಷ್ಟು ಗ್ರಾಂ ಭ್ರಮೆ. ಇಲ್ಲಿ ಐದು ಗ್ರಾಂ ಮೆಟ್ಟಿಲು ಇಟ್ಟರೆ ಏಳೆಂಟು ಡಬ್ಬಗಳಲ್ಲಿ ಬಿಂದು ಸಿಗುವುದೇ ಇಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೋರಿಸಿ ಮತ್ತೆ ಎತ್ತಿಸಿದರೂ ಉತ್ತರ ಬದಲಾಗದು. ಮತ್ತೆ ಮತ್ತೆ ಎತ್ತಿದರೆ ಬೆರಳುಗಳು ಎರಡಕ್ಕೂ ಸರಿಯಾದ ಬಲವನ್ನೇ ಹಾಕಲು ಕಲಿಯುತ್ತವೆ. ಬಾಯಿ ಮಾತ್ರ ಚಿಕ್ಕದೇ ಭಾರ ಎನ್ನುತ್ತಲೇ ಇರುತ್ತದೆ.