ಆಟ ನಿಂತ ಮೇಲೆ ಕೋಚ್ ಆಗಬೇಕಾ? ಶಾಬಿ ಅಲೊನ್ಸೊ ನಡೆದ ದಾರಿಯನ್ನು ಹೀಗೆ ಓದಿ

ನನ್ನ ಎಡ ಮಂಡಿಯ ಲಿಗಮೆಂಟ್ ಹರಿದಿದ್ದು 2016ರ ಜುಲೈನಲ್ಲಿ. ಆಗ ನನಗೆ 31. ಬೆಂಗಳೂರಿನ ಲೀಗ್‌ನಲ್ಲಿ ಒಂದು ಇಲಾಖೆ ಟೀಮ್‌ಗೆ ಮಿಡ್‌ಫೀಲ್ಡ್ ಆಡುತ್ತಿದ್ದೆ. ಆಪರೇಷನ್ ಆಯಿತು. ಮತ್ತೆ ಮೊದಲಿನಂತೆ ಆಡೋಕಾಗಲ್ಲ ಅಂತ ಡಾಕ್ಟರ್ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಅಕ್ಟೋಬರ್ 19ರ ರಾತ್ರಿ ತಮ್ಮ ನನ್ನನ್ನು ಕಂಠೀರವಕ್ಕೆ ಕರೆದುಕೊಂಡು ಹೋದ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೊಹೊರ್. ನಮ್ಮ ಬೆಂಗಳೂರು ಎಫ್‌ಸಿ ಮೊದಲು ಗೋಲು ಬಿಟ್ಟುಕೊಟ್ಟಿತು. ಆಮೇಲೆ ಛೆಟ್ರಿ ಎರಡು ಹೊಡೆದರು, ಸ್ಪೇನಿನ ಡಿಫೆಂಡರ್ ಹ್ವಾನನ್ ಒಂದು. 3-1. ಭಾರತದ ಕ್ಲಬ್ ಒಂದು ಆ ಕಪ್‌ನ ಫೈನಲ್ ಮುಟ್ಟಿದ್ದು ಅದೇ ಮೊದಲು. ಸ್ಟ್ಯಾಂಡ್ ಪೂರ್ತಿ ಕುಣಿಯುತ್ತಿತ್ತು. ಕಾಲು ಮಡಚಲಾಗದೆ ಕೂತಿದ್ದ ನಾನು ಮಾತ್ರ ಗೆರೆಯ ಪಕ್ಕ ನಿಂತಿದ್ದ ಕೋಚ್ ಆಲ್ಬರ್ಟ್ ರೋಕಾ ಅವರನ್ನೇ ನೋಡುತ್ತಿದ್ದೆ. ಗೋಲು ಬಿದ್ದ ಮೇಲೂ ಆ ಮನುಷ್ಯ ಕೂಗಾಡಲಿಲ್ಲ. ಮನೆಗೆ ಬಂದು ತಮ್ಮನಿಗೆ ಹೇಳಿದೆ: ನಾನು ಕೋಚಿಂಗ್ ಕಲೀತೀನಿ.

ಹೇಗೆ ಕಲಿಯಬೇಕು ಅಂತ ಹೇಳಿಕೊಡುವವರು ಸಿಗಲಿಲ್ಲ. ಆಗ ಹಿಡಿದುಕೊಂಡಿದ್ದು ಸ್ಪೇನಿನ ಶಾಬಿ ಅಲೊನ್ಸೊ ಅವರನ್ನು. ಅವರೂ ಮಿಡ್‌ಫೀಲ್ಡರ್, 2017ರಲ್ಲಿ ಆಟ ಬಿಟ್ಟವರು. ಅವರ ಒಂದೊಂದು ಹೆಜ್ಜೆಯಿಂದಲೂ ನನ್ನ ಮೈದಾನಕ್ಕೆ ಏನು ಸಿಗುತ್ತದೆ ಅಂತ ನೋಡುತ್ತಾ ಬಂದೆ. ಆಟ ಮುಗಿಸಿ ಕೋಚ್ ಆಗಬೇಕು ಅಂದುಕೊಂಡಿರುವ ನಮ್ಮೂರಿನ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ನಿಮಗೆ ಇಲ್ಲಿವರೆಗೆ ಕಲಿಸಿದ ಎಲ್ಲ ಕೋಚ್‌ಗಳ ಹೆಸರು ಬರೆಯಿರಿ. ಪ್ರತಿಯೊಬ್ಬರಿಂದ ಇಟ್ಟುಕೊಳ್ಳುವ ಒಂದು ವಿಷಯ, ಬಿಡುವ ಒಂದು ವಿಷಯ. ಅಲೊನ್ಸೊಗೆ ಮೊದಲ ಕ್ಲಬ್ ರಿಯಲ್ ಸೊಸಿಯೆದಾದ್‌ನಲ್ಲಿ ಕೋಚ್ ಆಗಿ ಟೋಶಾಕ್ ಇದ್ದರು, ಲಿವರ್‌ಪೂಲ್‌ನಲ್ಲಿ ಬೆನಿಟೆಜ್, ರಿಯಲ್ ಮ್ಯಾಡ್ರಿಡ್‌ನಲ್ಲಿ ಮೊರಿನ್ಯೊ ಮತ್ತು ಆಂಚೆಲೊಟ್ಟಿ, ಬಯರ್ನ್‌ನಲ್ಲಿ ಗ್ವಾರ್ಡಿಯೋಲಾ. ತಂದೆ ಪೆರಿಕೊ ಕೂಡ ಸ್ಪೇನಿನ ಲೀಗ್ ಗೆದ್ದ ಆಟಗಾರ. ಅಂಥ ಪಟ್ಟಿ ನಮಗೆಲ್ಲಿ ಅಂತ ಬೇಸರ ಮಾಡಿಕೊಳ್ಳಬೇಡಿ. ನನ್ನ ಮೊದಲ ಕೋಚ್ ಪ್ರಾಕ್ಟೀಸ್ ಮುಗಿದ ಮೇಲೆ ಪ್ರತಿ ಹುಡುಗನಿಗೂ ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು ಕೊಡುತ್ತಿದ್ದರು. ತಿನ್ನುವಾಗ ಮನೆ ಕಥೆ ಕೇಳುತ್ತಿದ್ದರು. ಯಾರ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತಿರುತ್ತಿತ್ತು. ಅದನ್ನು ಇಟ್ಟುಕೊಂಡೆ. ಆದರೆ 18 ಹುಡುಗರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಬಾಲ್‌ನಲ್ಲಿ ಶಾಟ್ ಹೊಡೆಸುತ್ತಿದ್ದರು. ಒಬ್ಬೊಬ್ಬನಿಗೆ ಅರ್ಧ ಗಂಟೆಯಲ್ಲಿ ಆರೋ ಏಳೋ ಶಾಟ್. ಅದನ್ನು ಬಿಟ್ಟೆ.

ಎರಡನೆಯದು, ಚೆಂಡು ನೋಡುವುದನ್ನು ಬಿಡಿ. ಒಂದು ಮ್ಯಾಚ್‌ನಲ್ಲಿ ಒಂದು ಅರ್ಧ, ಒಬ್ಬನೇ ಮಿಡ್‌ಫೀಲ್ಡರ್. ಚೆಂಡು ಬರುವ ಮುಂಚೆ ಅವನು ಎಷ್ಟು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾನೆ, ಲೆಕ್ಕ ಹಾಕಿ. ಇದನ್ನು ಟಿವಿಯಲ್ಲಿ ಮಾಡುವುದು ಕಷ್ಟ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಕಂಠೀರವದಲ್ಲಿ ಆದಷ್ಟು ಮೇಲಿನ ಸಾಲಿನಲ್ಲಿ ಕೂತುಕೊಳ್ಳಿ. ಅಲೊನ್ಸೊ ಓಟದಲ್ಲಿ ಎಂದೂ ಜೋರಲ್ಲ. ಆದರೂ ಸ್ಪೇನ್‌ಗೆ 114 ಪಂದ್ಯ ಆಡಿದರು. 2010ರ ವಿಶ್ವಕಪ್, 2008 ಮತ್ತು 2012ರ ಯೂರೋ ಗೆದ್ದ ತಂಡದಲ್ಲಿದ್ದರು. ಕಾಲಿಗಿಂತ ಮೊದಲು ಕಣ್ಣು ಕೆಲಸ ಮಾಡುತ್ತಿತ್ತು, ಅಷ್ಟೇ.

ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ? ವಿವೇಕನಗರದ ಹತ್ತಿರ ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮಾಡಿಸುವುದು ಇದು. 15 ಹೆಜ್ಜೆಯ ಒಂದು ಚೌಕ, ನಾಲ್ಕು ಕೋನ್. ನಡುವೆ ಒಂದು ಮಗು, ಎದುರಿಗೆ ಪಾಸ್ ಕೊಡುವ ಮಗು, ಹಿಂದೆ ಇನ್ನೊಂದು. ಹಿಂದಿನ ಮಗುವಿನ ಕೈಯಲ್ಲಿ ಒಂದು ಕೆಂಪು, ಒಂದು ಹಳದಿ ಬಿಬ್ (ಜರ್ಸಿ ಮೇಲೆ ಹಾಕುವ ತೋಳಿಲ್ಲದ ಅಂಗಿ). ಯಾವುದಾದರೂ ಒಂದನ್ನು ಎತ್ತಿ ಹಿಡಿಯಬೇಕು. ನಡುವಿನ ಮಗು ತಿರುಗಿ ನೋಡಿ ಬಣ್ಣ ಕೂಗಬೇಕು. ಕೆಂಪು ಅಂದರೆ ಹಿಂದೆ ಎದುರಾಳಿ ಇದ್ದಾನೆ, ಬಂದ ಕಡೆಗೇ ವಾಪಸ್ ಕೊಡು. ಹಳದಿ ಅಂದರೆ ಜಾಗ ಖಾಲಿ, ತಿರುಗಿ ಹಿಂದಿನವರಿಗೆ ಕೊಡು.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಚೆಂಡು ಹೊರಟ ಮೇಲೆ ತಿರುಗಿ ನೋಡುತ್ತಾರೆ. ಮತ್ತೆ ಮುಂದೆ ನೋಡುವಷ್ಟರಲ್ಲಿ ಚೆಂಡು ಕಾಲಿಗೆ ಬಡಿದು ಎಲ್ಲೋ ಹೋಗಿರುತ್ತದೆ. ಅದಕ್ಕೆ ಮೊದಲ ಎರಡು ವಾರ ಒಂದೇ ನಿಯಮ: ಬಣ್ಣ ಕೇಳಿಸುವವರೆಗೆ ಪಾಸ್ ಇಲ್ಲ. ಆಮೇಲೆ ದೇಹ ಸ್ವಲ್ಪ ಓರೆಯಾಗಿ ನಿಲ್ಲುವುದನ್ನು, ಹಳದಿ ಇದ್ದಾಗ ಚೆಂಡು ಬರುವ ಕಡೆಯಿಂದ ದೂರ ಇರುವ ಕಾಲಿನಲ್ಲಿ ಅದನ್ನು ತಗೊಳ್ಳುವುದನ್ನು ಸೇರಿಸಿ. ಎಲ್ಲವನ್ನೂ ಒಂದೇ ದಿನ ತುಂಬಬೇಡಿ. ಒಂದು ಮಗುವಿಗೆ ಎರಡು ನಿಮಿಷ, ಆಮೇಲೆ ಬದಲಾಯಿಸಿ. ಹತ್ತು ವರ್ಷದ ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಹೊತ್ತು ಗಮನ ಇರಲ್ಲ.

ಟ್ಯಾಕ್ಲಿಂಗ್ ಬಗ್ಗೆ ನನ್ನ ತಲೆ ಪೂರ್ತಿ ಬದಲಾಗಿದ್ದು ಅಲೊನ್ಸೊ ಅವರಿಂದ. ಲಿವರ್‌ಪೂಲ್‌ನಲ್ಲಿದ್ದಾಗ ಅಲ್ಲಿನ ಕಿರಿಯ ಆಟಗಾರರು ತಮ್ಮ ಬಲ ಯಾವುದು ಅಂದರೆ ಶಾಟ್, ಟ್ಯಾಕ್ಲಿಂಗ್ ಅಂತ ಹೇಳಿಕೊಳ್ಳುತ್ತಿದ್ದರಂತೆ. ಅದು ಅಲೊನ್ಸೊಗೆ ಅರ್ಥವೇ ಆಗಲಿಲ್ಲ. ಟ್ಯಾಕಲ್ ಕೊನೆಯ ದಾರಿ, ಬೇಕಾಗುತ್ತದೆ ನಿಜ, ಆದರೆ ಅದನ್ನೇ ಗುರಿ ಮಾಡಿಕೊಳ್ಳಬಾರದು ಅನ್ನುವುದು ಅವರ ಮಾತಿನ ಸಾರ. ನಮ್ಮಲ್ಲಿ ಮಣ್ಣಿನ ಮೈದಾನದಲ್ಲಿ ಜಾರಿ ಚೆಂಡು ಕಸಿದವನಿಗೆ ಚಪ್ಪಾಳೆ ಜಾಸ್ತಿ. ತೊಡೆಯ ಚರ್ಮ ಕಿತ್ತು ರಕ್ತ ಬಂದರೆ ಇನ್ನೂ ಜಾಸ್ತಿ. ನನ್ನ ಮಂಡಿ ಹೋಗಿದ್ದೂ ಹಾಗೆ ಜಾರಿದಾಗಲೇ. ಈಗ ನಾನು ಕಾಲಿನ ಮೇಲೆ ನಿಂತೇ ದಾರಿ ಮುಚ್ಚಿದ ಮಗುವಿಗೆ ಹೆಸರು ಕೂಗಿ ಶಹಬ್ಬಾಸ್ ಹೇಳುತ್ತೇನೆ. ಒಂದೆರಡು ತಿಂಗಳಲ್ಲೇ ಮಕ್ಕಳ ಆಟ ಬದಲಾಯಿತು.

ಕೆಲಸ ಎಲ್ಲಿಂದ ಶುರು ಮಾಡಬೇಕು? ಚಿಕ್ಕ ಮಕ್ಕಳಿಂದ. ವಿಶ್ವಕಪ್ ಗೆದ್ದ ಮನುಷ್ಯ 2018ರಲ್ಲಿ ಹಿಡಿದಿದ್ದು ರಿಯಲ್ ಮ್ಯಾಡ್ರಿಡ್‌ನ 14ರ ಒಳಗಿನ ಮಕ್ಕಳ ತಂಡವನ್ನು. ಮರುವರ್ಷ ತನ್ನೂರು ಸಾನ್ ಸೆಬಾಸ್ಟಿಯನ್‌ಗೆ ಹೋಗಿ ರಿಯಲ್ ಸೊಸಿಯೆದಾದ್‌ನ ಬಿ ಟೀಮ್. ಮೂರು ವರ್ಷ ಅಲ್ಲೇ. ದೊಡ್ಡ ಕ್ಲಬ್‌ಗೆ ಆತುರ ಪಡಲಿಲ್ಲ. 2021ರಲ್ಲಿ ಆ ಹುಡುಗರು ಎರಡನೇ ಡಿವಿಷನ್‌ಗೆ ಏರಿದರು, 2022ರಲ್ಲಿ ಮತ್ತೆ ಕೆಳಗಿಳಿದರು. ಇಳಿದಿದ್ದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ನಮ್ಮಲ್ಲಿ ಕೋಚಿಂಗ್ ಲೈಸೆನ್ಸ್ ಮೆಟ್ಟಿಲು ಡಿ, ಸಿ, ಬಿ, ಎ, ಪ್ರೊ ಅಂತ ಹೋಗುತ್ತದೆ. ಡಿ ಕೋರ್ಸ್ ಬೆಂಗಳೂರಿನಲ್ಲೇ ನಡೆಯುತ್ತದೆ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಮತ್ತು ರಾಜ್ಯ ಫುಟ್‌ಬಾಲ್ ಸಂಸ್ಥೆಯ ಪ್ರಕಟಣೆ ನೋಡುತ್ತಿರಿ. ಕೋರ್ಸ್‌ಗೆ ಹೋಗುವ ಮೊದಲು ಕನಿಷ್ಠ ಮೂರು ತಿಂಗಳು ಯಾರಾದರೂ ಕೋಚ್ ಜೊತೆ ಕೋನ್ ಇಡುವ ಕೆಲಸವನ್ನಾದರೂ ಮಾಡಿ. ಕಾರ್ಲೆಸ್ ಕ್ವಾದ್ರಾತ್ ಮೊದಲು ರೋಕಾ ಅವರ ಸಹಾಯಕರಾಗಿದ್ದವರು. ಆಮೇಲೆ ಮುಖ್ಯ ಕೋಚ್ ಆಗಿ 2018-19ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದರು.

ಇನ್ನು ಸೋಲು. 2022ರ ಅಕ್ಟೋಬರ್‌ನಲ್ಲಿ ಅಲೊನ್ಸೊ ಕೋಚ್ ಆಗಿ ಹೋದಾಗ ಜರ್ಮನಿಯ ಲೆವರ್ಕೂಸನ್ ಕ್ಲಬ್ ಲೀಗ್‌ನ 18 ತಂಡಗಳಲ್ಲಿ 17ನೆಯದು. 2023-24ರಲ್ಲಿ ಅದೇ ಕ್ಲಬ್ ಜರ್ಮನಿಯ ಲೀಗ್ ಗೆದ್ದಿತು. 34 ಪಂದ್ಯ, 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲ. ಎಲ್ಲರೂ ಹೇಳುವುದು ಇದನ್ನೇ. ಆದರೆ ನನಗೆ ಕಲಿಸಿದ್ದು ಆ ಮೇ ತಿಂಗಳ ನಾಲ್ಕು ದಿನ. 22ರಂದು ಡಬ್ಲಿನ್‌ನಲ್ಲಿ ಯುರೋಪಾ ಲೀಗ್ ಫೈನಲ್, ಅಟಲಾಂಟಾ ಎದುರು 0-3. ಆ ಸೀಸನ್‌ನ ಒಂದೇ ಸೋಲು. 25ರಂದು ಬರ್ಲಿನ್‌ನಲ್ಲಿ ಜರ್ಮನ್ ಕಪ್ ಫೈನಲ್. ಮೊದಲ ಅರ್ಧದಲ್ಲೇ ಒಬ್ಬನಿಗೆ ರೆಡ್ ಕಾರ್ಡ್. ಹತ್ತೇ ಜನ ಉಳಿದರು, ಆದರೂ 1-0 ಅಂತರದಲ್ಲಿ ಗೆದ್ದರು.

ಹಾಗಾಗಿ ನಮ್ಮ ಮಕ್ಕಳು ಸೋತ ದಿನ ನಾನು ಮೈದಾನದಲ್ಲಿ ಏನೂ ಹೇಳುವುದಿಲ್ಲ. ನೀರು ಕೊಡುತ್ತೇನೆ, ಎಲ್ಲರೂ ಸೇರಿ ಬ್ಯಾಗ್ ತುಂಬುತ್ತೇವೆ, ಮನೆಗೆ ಕಳಿಸುತ್ತೇನೆ. ಮಾತಾಡುವುದು ಮುಂದಿನ ಪ್ರಾಕ್ಟೀಸ್‌ನಲ್ಲಿ, ಅದೂ ಐದೇ ನಿಮಿಷ, ಒಂದೇ ಪ್ರಶ್ನೆ. ಕಳೆದ ತಿಂಗಳು ನಾಲ್ಕು ಗೋಲಿನಿಂದ ಸೋತಿದ್ದೆವು. ಶನಿವಾರ ಕೇಳಿದೆ: ಮೂರನೇ ಗೋಲು ಬೀಳುವ ಮುಂಚೆ ನಮ್ಮವರಲ್ಲಿ ಯಾರು ಖಾಲಿ ಜಾಗದಲ್ಲಿದ್ದರು? ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನೀಲಸಂದ್ರದಿಂದ ಬರುವ ಹನ್ನೊಂದು ವರ್ಷದ ಹುಡುಗಿ ಎದ್ದು ಹೋಗಿ ಬಲಗಡೆ ಗೆರೆಯ ಹತ್ತಿರ ನಿಂತಳು. "ನಾನಿಲ್ಲಿದ್ದೆ ಸರ್, ಹಳದಿ ಇತ್ತು."